ಬಿಯರ್ ಹಿಟ್ಟಿನಲ್ಲಿ ಕರಿದ ಮೀನು ಐದೇ ನಿಮಿಷಕ್ಕೆ ಮೆತ್ತಗಾಗುವುದೇಕೆ?

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಅಡಗಿದೆ ನೋಡ್ರಿ. ಬಾಗಲಕೋಟೆಯಲ್ಲಿ ರೋಹು ತಂದಿರಿ. ಖಾರ, ಅರಿಶಿಣ, ಅಲ್ಲ-ಬಳ್ಳೊಳ್ಳಿ ಪೇಸ್ಟು, ಲಿಂಬಿಹಣ್ಣಿನ ರಸ ಹಚ್ಚಿ ಒಂದು ತಾಸು ಇಟ್ಟಿರಿ. ಮೈದಾಕ್ಕೆ ಬಿಯರ್ ಸುರಿದು ಗಂಟಿಲ್ಲದಂತೆ ಬಡಿದು, ಅರ್ಧ ತಾಸು ನೆನೆಯಲು ಬಿಟ್ಟಿರಿ. ಕರಿದದ್ದನ್ನು ಪೇಪರ್ ಮೇಲೆ ಹರಡಿ, ಆರಬಾರದೆಂದು ಮೇಲೊಂದು ತಾಟು ಮುಚ್ಚಿದಿರಿ. ಐದು ನಿಮಿಷದಲ್ಲಿ ಮೇಲಿನ ಪದರು ಮೆತ್ತಗಾಗಿ ಕಳಚಿ ಬಿತ್ತು. ಈಗ ಯಾವ ಬಿಯರ್ ಹಾಕಬೇಕಿತ್ತು ಅಂತ ಕೇಳುತ್ತಿದ್ದೀರಿ.

ಬಿಯರಿನದೇನೂ ತಪ್ಪಿಲ್ಲ. ನೀವು ಮಾಡಿದ್ದು ಮಿರ್ಚಿ ಭಜಿ ಮಾಡುವ ಕ್ರಮ. ನಮ್ಮ ಕಡೆ ಎಲ್ಲರ ಕೈಗೂ ಅದೇ ರೂಢಿ. ಕಡ್ಲಿಹಿಟ್ಟಿನಲ್ಲಿ ಗ್ಲುಟೆನ್, ಅಂದರೆ ಗೋಧಿ ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನು, ಇಲ್ಲ. ಎಷ್ಟು ಬಡಿದರೂ ಅದು ಜಿಗುಟಾಗುವುದಿಲ್ಲ, ಬಡಿದಷ್ಟೂ ಗಾಳಿ ಸೇರಿ ಹಗುರಾಗುತ್ತದೆ, ನೆನೆದಷ್ಟೂ ಹಸಿವಾಸನೆ ಹೋಗುತ್ತದೆ. ಮೈದಾ ತದ್ವಿರುದ್ಧ. ಅದಕ್ಕೆ ನೀರು ಸೋಕಿಸಿ ಬಡಿದರೆ ಗ್ಲುಟೆನ್ ಎಳೆ ಹಿಡಿಯುತ್ತದೆ. ಆ ಎಳೆಗಳು ಒಳಗಿನ ನೀರನ್ನು ಆವಿಯಾಗಿ ಹೊರಬಿಡುವುದಿಲ್ಲ, ಹೀಗಾಗಿ ಪದರು ಮೊದಲು ರಬ್ಬರಿನಂತಾಗಿ ಆಮೇಲೆ ಮೆತ್ತಗಾಗುತ್ತದೆ. ಅರ್ಧ ತಾಸು ಇಟ್ಟಾಗ ಬಿಯರಿನ ಗ್ಯಾಸೂ ಹಾರಿಹೋಗಿರುತ್ತದೆ. ಗ್ಯಾಸ್ ಹೋದ ಬಿಯರ್ ಹಾಕುವುದಕ್ಕಿಂತ ನೀರು ಹಾಕಿದ್ದರೆ ದುಡ್ಡಾದರೂ ಉಳಿಯುತ್ತಿತ್ತು.

ಬಿಯರ್ ಮಾಡುವ ಕೆಲಸ ಇಷ್ಟು. ಅದರಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಬಿಸಿ ಎಣ್ಣೆಗೆ ಬಿದ್ದ ಕೂಡಲೇ ಗುಳ್ಳೆಯಾಗಿ ಉಬ್ಬುತ್ತದೆ. ಬಾರ್ಲಿಯ ಪ್ರೋಟೀನುಗಳು ಆ ಗುಳ್ಳೆ ಬೇಗ ಒಡೆಯದಂತೆ ಹಿಡಿಯುತ್ತವೆ; ಗ್ಲಾಸಿನಲ್ಲಿ ನೊರೆ ನಿಲ್ಲುವುದೂ ಅದರಿಂದಲೇ. ಮಾಲ್ಟಿನಿಂದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ, ಉಳಿದ ಸಕ್ಕರೆ ಅಂಶ ಬಂಗಾರದ ಬಣ್ಣ ಕೊಡುತ್ತದೆ. ಆಲ್ಕೋಹಾಲ್ ನೀರಿಗಿಂತ ಬೇಗ ಆವಿಯಾಗುತ್ತದೆ, ಗ್ಲುಟೆನ್ ಕಟ್ಟುವುದನ್ನೂ ಒಂದಿಷ್ಟು ತಡೆಯುತ್ತದೆ. ಆದರೆ 5 ಪರ್ಸೆಂಟ್ ಬಿಯರಿನಲ್ಲಿ ಅದರ ಪಾಲು ಸಣ್ಣದು, ಗ್ಯಾಸೇ ಮುಖ್ಯ. ಆದ್ದರಿಂದ ಬಿಯರ್ ಥಣ್ಣಗಿರಬೇಕು, ಹಿಟ್ಟಿಗೆ ಹಾಕುವ ಗಳಿಗೆಯಲ್ಲೇ ಮುಚ್ಚಳ ತೆಗೆಯಬೇಕು.

ಈಗ ಮೀನಿನ ಮಾತು. ಇಂಗ್ಲೆಂಡಿನವರು ಇದಕ್ಕೆ ಕಾಡ್, ಹ್ಯಾಡಕ್ ಬಳಸುತ್ತಾರೆ. ಮುಳ್ಳಿಲ್ಲದ ದಪ್ಪ ಬಿಳಿ ಹೋಳು, ಕೊಬ್ಬು ಕಡಿಮೆ. ನಮಗೆ ಬೇಕಾದದ್ದೂ ಅದೇ ಗುಣ. ರೋಹು, ಕಟ್ಲಾದ ಬೆನ್ನಿನ ಮತ್ತು ಬಾಲದ ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳುಗಳಿರುತ್ತವೆ, ಅವನ್ನು ತೆಗೆಯಲು ಆಗುವುದಿಲ್ಲ. ದಪ್ಪ ಪದರಿನೊಳಗೆ ಮುಳ್ಳು ಕಣ್ಣಿಗೂ ಕಾಣದು, ಮಕ್ಕಳಿಗೆ ಕೊಡಲಿಕ್ಕಂತೂ ಬ್ಯಾಡ. ಕಟ್ಲಾನೇ ಬೇಕೆಂದರೆ ಮೂರು ಕಿಲೋ ಮೇಲಿನ ಮೀನಿನ ಹೊಟ್ಟೆಯ ಭಾಗ ಮಾತ್ರ ಕೇಳ್ರಿ. ಅಲ್ಲಿ ಪಕ್ಕೆಲುಬಿನ ದೊಡ್ಡ ಮುಳ್ಳಷ್ಟೇ ಇರುತ್ತದೆ, ಚಾಕುವಿನಿಂದ ಒಂದೇ ಏಟಿಗೆ ಎಬ್ಬಿಸಬಹುದು. ಆಲಮಟ್ಟಿ ಹಿನ್ನೀರಿನ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಇದಕ್ಕೆ ಬಲು ಒಳ್ಳೆಯದು. ಒಂದು ಕಿಲೋ ಹತ್ತಿರ ತೂಗುವುದನ್ನು ಆರಿಸಿ ಎರಡೂ ಬದಿಯ ಮಾಂಸ ಬಿಡಿಸಿಕೊಳ್ರಿ. ಕೆಸರಿನ ವಾಸನೆ ಇದ್ದರೆ ಉಪ್ಪು ಹಾಕಿದ ಮಜ್ಜಿಗೆಯಲ್ಲಿ ಇಪ್ಪತ್ತು ನಿಮಿಷ ಇಟ್ಟು ತೊಳೆಯುವುದು ಸಾಕು. ಕೊರಮೀನು ಸಿಕ್ಕರೆ ಇನ್ನೂ ಚಲೋ, ಆದರೆ ತುಟ್ಟಿ. ಬೆಳಗಾವಿಯವರಿಗೆ ಈ ಚಿಂತೆ ಇಲ್ಲ. ಗೋವಾ, ಕಾರವಾರದ ಕಡೆಯಿಂದ ಘಟ್ಟ ಹತ್ತಿ ಬರುವ ಸುರಮಯಿ, ಅಂದರೆ ಕರಾವಳಿಯವರ ಅಂಜಲ್, ಅಲ್ಲಿ ಸಿಗುತ್ತದೆ. ಅದನ್ನು ದುಂಡಗೆ ಕತ್ತರಿಸದೆ ಉದ್ದಕ್ಕೆ ಹೋಳು ಮಾಡಿಸ್ರಿ. ಬಂಗಡೆ ಇದಕ್ಕೆ ಬ್ಯಾಡ. ಅದರ ಎಣ್ಣೆ ಅಂಶ ಪದರನ್ನು ಒಳಗಿನಿಂದಲೇ ನೆನೆಸುತ್ತದೆ. ಅದು ರವೆ ಹಚ್ಚಿ ಹಂಚಿನ ಮೇಲೆ ಹುರಿಯಲು ಹುಟ್ಟಿದ ಮೀನು.

ಫ್ರೋಜನ್ ಬಾಸಾ ಮೀನಿನ ಹೋಳು ಎಲ್ಲ ಊರಲ್ಲೂ ಸಿಗುತ್ತದೆ, ಮುಳ್ಳೂ ಇಲ್ಲ. ಆದರೆ ಅದರ ಮೈಮೇಲೆ ಮಂಜಿನ ಲೇಪ, ಒಳಗೆ ನೀರು. ಬಿಸಿನೀರಿನಲ್ಲಿ ಕರಗಿಸಬ್ಯಾಡ್ರಿ. ಸಾಣಿಗೆಯಲ್ಲಿಟ್ಟು, ಕೆಳಗೊಂದು ಬೋಗುಣಿ ಇಟ್ಟು, ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ರಾತ್ರಿಯೆಲ್ಲ ಬಿಟ್ಟರೆ ಇಳಿಯುವ ನೀರು ನೋಡಿ ನಿಮಗೇ ಆಶ್ಚರ್ಯವಾಗುತ್ತದೆ. ನಡುವೆ ಮಂಜು ಉಳಿದ ಹೋಳು ಎಣ್ಣೆಗೆ ಬಿದ್ದರೆ ಎಣ್ಣೆ ಉಕ್ಕಿ ಒಲೆ ಮೇಲೆ ಚೆಲ್ಲುತ್ತದೆ, ಇದು ಅಪಾಯದ ವಿಷಯ.

ಅರ್ಧ ಕಿಲೋ ಮೀನಿಗೆ ಲೆಕ್ಕ ಕೊಡುತ್ತೇನೆ, ಮೂರ್ನಾಲ್ಕು ಮಂದಿಗೆ ಆಗುತ್ತದೆ. ಹೋಳು ನಾಲ್ಕು ಬೆರಳು ಉದ್ದ, ಎರಡು ಬೆರಳು ಅಗಲ, ಒಂದೂವರೆಯಿಂದ ಎರಡು ಸೆಂಟಿಮೀಟರ್ ದಪ್ಪ ಇರಲಿ. ತೆಳುವಾದರೆ ಪದರು ಕೆಂಪಾಗುವಷ್ಟರಲ್ಲಿ ಮೀನು ಒಣಗುತ್ತದೆ. ಒಂದು ಚಹಾ ಚಮಚ ಉಪ್ಪು ಸವರಿ ಇಪ್ಪತ್ತು ನಿಮಿಷ ಇಡ್ರಿ. ಉಪ್ಪು ಮೇಲ್ಮೈಯ ನೀರನ್ನು ಹೊರಗೆಳೆಯುತ್ತದೆ, ಮಾಂಸವೂ ಗಟ್ಟಿಯಾಗುತ್ತದೆ. ಆಮೇಲೆ ಒಣ ಬಟ್ಟೆಯಿಂದ ಒತ್ತಿ ಒತ್ತಿ ಒರೆಸ್ರಿ, ಬಟ್ಟೆ ಒದ್ದೆಯಾಗುವುದು ನಿಲ್ಲುವವರೆಗೆ. ಇಡೀ ಅಡುಗೆಯಲ್ಲಿ ಜನ ಅವಸರ ಮಾಡುವ ಜಾಗ ಇದು. ಮೀನಿನ ಮೇಲೆ ನೀರಿದ್ದರೆ ಅದು ಪದರಿನ ಕೆಳಗೆ ಆವಿಯಾಗಿ ಪದರನ್ನು ಮೇಲಕ್ಕೆ ಎಬ್ಬಿಸುತ್ತದೆ, ನಿಮ್ಮದು ಕಳಚಿದ್ದು ಹೀಗೆ. ಹಸಿ ಮಸಾಲೆ ಮಾಡುವುದೂ ಇದನ್ನೇ. ಲಿಂಬಿ ರಸವಂತೂ ಮೀನಿನ ನೀರನ್ನು ಇನ್ನಷ್ಟು ಹೊರಗೆ ತರುತ್ತದೆ.

ಹಾಗಂತ ಖಾರವಿಲ್ಲದ ಮೀನು ತಿನ್ನಬೇಕೆಂದಿಲ್ಲ. ಖಾರವನ್ನು ಒಣ ಹಿಟ್ಟಿನಲ್ಲಿ ಸೇರಿಸ್ರಿ: ನಾಲ್ಕು ದೊಡ್ಡ ಚಮಚ ಮೈದಾ ಅಥವಾ ಅಕ್ಕಿಹಿಟ್ಟಿಗೆ ಒಂದೂವರೆ ಚಹಾ ಚಮಚ ಬ್ಯಾಡಗಿ ಖಾರದ ಪುಡಿ, ಅರ್ಧ ಚಮಚ ಕಾಳುಮೆಣಸಿನ ಪುಡಿ, ಚಿಟಿಕೆ ಅರಿಶಿಣ. ಒರೆಸಿದ ಹೋಳನ್ನು ಇದರಲ್ಲಿ ಹೊರಳಿಸಿ, ಹೆಚ್ಚಾದ ಹಿಟ್ಟು ಕೊಡವಿ ಬಿಡ್ರಿ. ಈ ಒಣ ಹಿಟ್ಟೇ ಮೀನಿಗೂ ಪದರಿಗೂ ನಡುವಿನ ಅಂಟು. ಖಾರ ಒಳಗಡೆ ಇರುವುದರಿಂದ ಎಣ್ಣೆಯಲ್ಲಿ ಕರಗಿ ಕಪ್ಪಾಗುವುದೂ ಇಲ್ಲ.

ಇನ್ನು ಹಿಟ್ಟು. ಮೈದಾ 120 ಗ್ರಾಂ, ಅಕ್ಕಿಹಿಟ್ಟು 60 ಗ್ರಾಂ, ಬೇಕಿಂಗ್ ಪೌಡರ್ ಒಂದು ಚಹಾ ಚಮಚ, ಉಪ್ಪು ಮುಕ್ಕಾಲು ಚಮಚ, ಬಿಯರ್ 220ರಿಂದ 240 ಗ್ರಾಂ. ಬಿಯರನ್ನೂ ತಕ್ಕಡಿಯಲ್ಲೇ ತೂಗ್ರಿ. ಅಳತೆ ಲೋಟದಲ್ಲಿ ನೊರೆ ಮೋಸ ಮಾಡುತ್ತದೆ. 330 ಎಂಎಲ್ ಸಣ್ಣ ಬಾಟಲಿ ಒಂದು ಸಾಕಾಗಿ ಉಳಿಯುತ್ತದೆ. ಅಕ್ಕಿಹಿಟ್ಟು ಗ್ಲುಟೆನ್ ತಗ್ಗಿಸಲಿಕ್ಕೆ. ಗಿರಣಿಯಲ್ಲಿ ಬೀಸಿದ್ದು ತರಿ ತರಿ ಇರುತ್ತದೆ, ಸಣ್ಣ ಸಾಣಿಗೆಯಲ್ಲಿ ಸೋಸ್ರಿ. ಕಾರ್ನ್‌ಫ್ಲೋರ್ ಹಾಕಿದರೆ ಪದರು ಇನ್ನೂ ನಯ, ಅಕ್ಕಿಹಿಟ್ಟು ಹಾಕಿದರೆ ಕುರುಕುರು ಹೆಚ್ಚು ಹೊತ್ತು. ಜೋಳದ ಹಿಟ್ಟಿನಲ್ಲೂ ಗ್ಲುಟೆನ್ ಇಲ್ಲವಲ್ಲ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಎರಡು ಚಮಚದವರೆಗೆ ನಡೆಯುತ್ತದೆ, ಅದಕ್ಕೆ ಮೀರಿದರೆ ಒರಟು. ಅಡುಗೆ ಸೋಡಾ ಬ್ಯಾಡ; ಒಂದು ಚಿಟಿಕೆ ಹೆಚ್ಚಾದರೂ ಸಾಬೂನಿನ ರುಚಿ, ಬೇಗ ಕಪ್ಪಾಗುವ ಬಣ್ಣ, ಮೇಲೆ ಎಣ್ಣೆ ಕುಡಿಯುವ ಚಟ.

ಒಣ ಹಿಟ್ಟುಗಳನ್ನೆಲ್ಲ ಮೊದಲೇ ಬೆರೆಸಿ ಅರ್ಧ ತಾಸು ಫ್ರೀಜರಿನಲ್ಲಿಡ್ರಿ. ಬಾಗಲಕೋಟೆ, ವಿಜಯಪುರದ ಬೇಸಿಗೆಯಲ್ಲಿ ಇದು ಶೋಕಿಯಲ್ಲ, 40 ಡಿಗ್ರಿ ದಾಟಿದ ಮಧ್ಯಾಹ್ನ ಹಿಟ್ಟಿನ ಡಬ್ಬಿಯೇ ಬಿಸಿ ಇರುತ್ತದೆ. ಬಿಸಿಯಿದ್ದಷ್ಟೂ ಗ್ಯಾಸ್ ಬೇಗ ಹೋಗುತ್ತದೆ, ಗ್ಲುಟೆನ್ ಬೇಗ ಕಟ್ಟುತ್ತದೆ. ಹಿಟ್ಟಿನ ಬೋಗುಣಿಯನ್ನು ಐಸ್ ನೀರಿನ ಅಗಲ ಪಾತ್ರೆಯಲ್ಲಿ ಕೂರಿಸಿಕೊಂಡರೆ ಕೊನೆಯ ಹೋಳಿನವರೆಗೂ ಥಣ್ಣಗಿರುತ್ತದೆ. ಎಣ್ಣೆ ಕಾದ ಮೇಲೆಯೇ ಬಿಯರ್ ಸುರಿಯಿರಿ, ಮುಂಚೆ ಅಲ್ಲ. ಫೋರ್ಕಿನಿಂದಲೋ ಎರಡು ಕಡ್ಡಿಯಿಂದಲೋ ಹತ್ತು ಹನ್ನೆರಡು ಸುತ್ತು ತಿರುಗಿಸಿ ನಿಲ್ಲಿಸಿಬಿಡ್ರಿ. ಸಣ್ಣ ಗಂಟು ಉಳಿಯಲಿ, ಕೈ ತಡೆದುಕೊಳ್ರಿ. ಬೆರಳು ಅದ್ದಿ ಎತ್ತಿದರೆ ತೆಳ್ಳಗೆ ಅಂಟಿಕೊಂಡು, ದಾರದಂತೆ ಇಳಿಯಬೇಕು. ಭಜಿ ಹಿಟ್ಟಿನಷ್ಟು ದಪ್ಪ ಇದ್ದರೆ ಒಳಪದರು ಬೇಯದೆ ಅಂಟಂಟಾಗಿ ಉಳಿಯುತ್ತದೆ, ಆಗ ಒಂದೊಂದೇ ಚಮಚ ಬಿಯರ್ ಹಾಕ್ರಿ. ಕಲಸಿ ಹದಿನೈದು ನಿಮಿಷದೊಳಗೆ ಮುಗಿಸಬೇಕು. ಒಂದು ಕಿಲೋ ಮೀನಿದ್ದರೆ ಹಿಟ್ಟನ್ನು ಎರಡು ಸಲ ಕಲಸ್ರಿ, ಒಮ್ಮೆಲೇ ಬ್ಯಾಡ.

ಎಣ್ಣೆ ವಿಷಯದಲ್ಲಿ ನಮ್ಮ ಭಾಗದವರಿಗೆ ಒಂದು ಎಚ್ಚರಿಕೆ. ಗಾಣದ ಕುಸುಬಿ ಎಣ್ಣೆ ಪಲ್ಯಕ್ಕೆ, ಚಟ್ನಿಪುಡಿಗೆ ಎಷ್ಟು ರುಚಿಯೋ ಇಲ್ಲಿ ಅಷ್ಟೇ ಕೆಟ್ಟದ್ದು. ಶುದ್ಧೀಕರಿಸದ ಆ ಎಣ್ಣೆ 180 ಡಿಗ್ರಿ ಮುಟ್ಟುವ ಮೊದಲೇ ಹೊಗೆಯಾಡುತ್ತದೆ. ಗಾಣದ ಶೇಂಗಾ ಎಣ್ಣೆಯೂ ಅಷ್ಟು ತಾಳುವುದಿಲ್ಲ. ರಿಫೈಂಡ್ ಶೇಂಗಾ, ರಿಫೈಂಡ್ ಕುಸುಬಿ, ಸೂರ್ಯಕಾಂತಿ, ಯಾವುದಾದರೂ ಸರಿ. ಆಳವಾದ ದಪ್ಪ ತಳದ ಕಡಾಯಿಯಲ್ಲಿ ಎಣ್ಣೆ ಆರು ಸೆಂಟಿಮೀಟರ್ ನಿಲ್ಲಬೇಕು, ಆದರೆ ಕಡಾಯಿಯ ಅರ್ಧ ದಾಟಬಾರದು. ಸಾಮಾನ್ಯವಾಗಿ ಒಂದು ಲೀಟರ್ ಬೇಕಾಗುತ್ತದೆ.

ಬಿಸಿ 180ರಿಂದ 185 ಡಿಗ್ರಿ. ಥರ್ಮಾಮೀಟರ್ ಇಲ್ಲ ಅಂದಿರಿ. ಹಿಟ್ಟಿನ ಒಂದು ಹನಿ ಬಿಟ್ಟು ನೋಡ್ರಿ. ತಳಕ್ಕೆ ಹೋಗಿ ಅಲ್ಲೇ ಕೂತರೆ ಇನ್ನೂ ಕಾಯಬೇಕು. ಅರ್ಧಕ್ಕೆ ಮುಳುಗಿ ತಟ್ಟನೆ ಮೇಲೆದ್ದು, ಮುಕ್ಕಾಲು ನಿಮಿಷದಲ್ಲಿ ಹೊಂಬಣ್ಣ ಬಂದರೆ ಸರಿ. ಬಿದ್ದ ಹದಿನೈದು ಸೆಕೆಂಡಿಗೆ ಕಂದು ಬಣ್ಣಕ್ಕೆ ತಿರುಗಿದರೆ 200 ದಾಟಿದೆ. ಉರಿ ತಗ್ಗಿಸಿ ಎರಡು ನಿಮಿಷ ಬಿಡ್ರಿ, ಇಲ್ಲದಿದ್ದರೆ ಹೊರಗೆ ಕೆಂಪು, ಒಳಗೆ ಹಸಿ. ಹೊಗೆ ಹಾಯುತ್ತಿದ್ದರೆ ಒಲೆ ಆರಿಸ್ರಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು, ಗ್ಯಾಸ್ ಬಂದ್ ಮಾಡಿ ಮುಚ್ಚಳ ಮುಚ್ಚಬೇಕು. ಆ ಮುಚ್ಚಳ ಮೊದಲೇ ಕೈಗೆ ಸಿಗುವಲ್ಲಿರಲಿ.

ಹೋಳನ್ನು ಹಿಟ್ಟಿನಲ್ಲಿ ಅದ್ದಿ, ಹೆಚ್ಚಾದದ್ದು ಇಳಿಯಲು ಎರಡು ಸೆಕೆಂಡ್ ಕೊಟ್ಟು, ಒಂದು ತುದಿ ಚಿಮುಟದಲ್ಲಿ ಹಿಡಿದು ಅರ್ಧ ಮಾತ್ರ ಎಣ್ಣೆಗೆ ಇಳಿಸ್ರಿ. ಮೂರ್ನಾಲ್ಕು ಸೆಕೆಂಡ್ ಅತ್ತಿತ್ತ ಆಡಿಸಿದರೆ ಪದರು ಹಿಡಿದುಕೊಳ್ಳುತ್ತದೆ, ಆಮೇಲೆ ನಿಮ್ಮಿಂದ ಆಚೆ ಮುಖ ಮಾಡಿ ಬಿಟ್ಟುಬಿಡ್ರಿ. ಒಮ್ಮೆಲೇ ಎಸೆದರೆ ತಳಕ್ಕೆ ಅಂಟುತ್ತದೆ. ಒಂದು ಸಲಕ್ಕೆ ಎರಡು ಅಥವಾ ಮೂರೇ ಹೋಳು. ಮೀನು ಬಿದ್ದ ಕೂಡಲೇ ಎಣ್ಣೆಯ ಬಿಸಿ ಹದಿನೈದಿಪ್ಪತ್ತು ಡಿಗ್ರಿ ಇಳಿಯುತ್ತದೆ, ಆಗ ಉರಿ ಏರಿಸ್ರಿ. ಐದಾರು ಹೋಳು ತುಂಬಿದರೆ 150ಕ್ಕೆ ಇಳಿದು, ಪದರು ಗಟ್ಟಿಯಾಗುವ ಬದಲು ಎಣ್ಣೆ ಹೀರುತ್ತ ಕೂರುತ್ತದೆ.

ಎರಡೂವರೆ ನಿಮಿಷಕ್ಕೆ ಮಗುಚಿ, ಒಟ್ಟು ಐದು ನಿಮಿಷ. ಆದರೆ ಗಡಿಯಾರಕ್ಕಿಂತ ಗುಳ್ಳೆ ನೋಡುವುದು ವಾಸಿ. ಮೊದಲು ಜೋರಾಗಿ ಕುದಿಯುವ ಸದ್ದು ಬರುತ್ತದೆ, ಅದು ನೀರು ಹೊರಡುವ ಸದ್ದು. ಗುಳ್ಳೆ ಸಣ್ಣದಾಗಿ ಸದ್ದು ತಗ್ಗಿದಾಗ ತೆಗೆಯಿರಿ. ಬಣ್ಣ ಬಂತೆಂದು ಮೂರು ನಿಮಿಷಕ್ಕೇ ತೆಗೆದರೆ ಪದರಿನಲ್ಲಿ ಉಳಿದ ನೀರು ತಾಟಿನಲ್ಲಿ ಹೊರಬಂದು ಎಲ್ಲ ಮೆತ್ತಗೆ ಮಾಡುತ್ತದೆ. ನೆಂಟರು ಬರುವವರಿದ್ದರೆ ಎರಡು ಬಾರಿ ಕರಿಯುವುದು ಒಳ್ಳೆಯದು: ಮೊದಲು ನಾಲ್ಕು ನಿಮಿಷ ಕರಿದು ತಂತಿ ಜಾಲರಿ ಮೇಲೆ ಇಡ್ರಿ, ಊಟಕ್ಕೆ ಕೂರುವ ಮುನ್ನ 190 ಡಿಗ್ರಿಯಲ್ಲಿ ಒಂದು, ಒಂದೂವರೆ ನಿಮಿಷ.

ಜಾಲರಿ ಅಂದೆ, ಪೇಪರ್ ಅಲ್ಲ. ಪೇಪರ್ ಮೇಲೆ ಕೆಳಗಿನ ಬದಿಯ ಆವಿಗೆ ದಾರಿಯಿಲ್ಲ, ಅದೇ ನೀರಾಗಿ ಪದರಿಗೆ ವಾಪಸ್. ಸುದ್ದಿಪತ್ರಿಕೆಯಲ್ಲಿ ಕರಿದ ತಿಂಡಿ ಇಡಬೇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರವೂ ಹೇಳಿದೆ, ಮಸಿ ತಿಂಡಿಗೆ ಇಳಿಯುತ್ತದೆ. ತಾಟು ಮುಚ್ಚುವುದು, ಹಾಟ್‌ಬಾಕ್ಸಿನಲ್ಲಿಡುವುದು ಎರಡೂ ಬ್ಯಾಡ. ಬಿಸಿ ಇಡಬೇಕೆಂದರೆ 100 ಡಿಗ್ರಿ ಓವನ್ನಿನಲ್ಲಿ, ಬಾಗಿಲು ಸ್ವಲ್ಪ ತೆರೆದು. ಬೆಳಗಾವಿಯ ಮಳೆಗಾಲದಲ್ಲಿ ಎಷ್ಟು ಸರಿಯಾಗಿ ಕರಿದರೂ ಗಾಳಿಯ ತೇವಕ್ಕೆ ಬೇಗ ಸೋಲುತ್ತದೆ. ಅಲ್ಲಿ ಕಡಾಯಿಯಿಂದ ನೇರ ತಾಟಿಗೆ, ತಾಟಿನಿಂದ ಬಾಯಿಗೆ.

ಯಾವ ಬಿಯರ್ ಅಂದಿರಲ್ಲ: ಮೈಲ್ಡ್ ಲಾಗರ್, ಅಂದರೆ ಆಲ್ಕೋಹಾಲ್ ಕಡಿಮೆ ಇರುವ ಸಾಮಾನ್ಯ ಬಿಯರ್, ಅಗ್ಗದ್ದೇ ಇರಲಿ. ಸ್ಟ್ರಾಂಗ್‌ನಲ್ಲಿ ಗ್ಯಾಸ್ ಹೆಚ್ಚಿರುವುದಿಲ್ಲ, ಲಾಭವೇನಿಲ್ಲ. ಕಹಿ ಹೆಚ್ಚಿರುವ ಕ್ರಾಫ್ಟ್ ಬಿಯರ್ ಬ್ಯಾಡ, ಕರಿದರೂ ಆ ಕಹಿ ಹೋಗುವುದಿಲ್ಲ. ಕರಿದ ಮೇಲೆ ಆಲ್ಕೋಹಾಲ್ ಬಹುಪಾಲು ಹೋಗುತ್ತದೆ, ಪೂರ್ತಿ ಅಲ್ಲ. ಹಾಗಾಗಿ ಕುಡಿಯದವರಿಗೆ, ಮಕ್ಕಳಿಗೆ ಥಣ್ಣನೆಯ ಸಾದಾ ಸೋಡಾ ಅದೇ ತೂಕದಲ್ಲಿ ಹಾಕಿ, ಬಣ್ಣಕ್ಕೆ ಅರ್ಧ ಚಮಚ ಸಕ್ಕರೆ ಬೆರೆಸ್ರಿ. ಕುರುಕುರುತನದಲ್ಲಿ ಎಂಟಾಣೆಗಿಂತ ಹೆಚ್ಚೇ ಬರುತ್ತದೆ. ಮಾಲ್ಟಿನ ಪರಿಮಳ ಮಾತ್ರ ಇರುವುದಿಲ್ಲ.

ಲಿಂಬಿ ಹಿಂಡುವುದು ತುತ್ತಿಗೆ ಮುಂಚೆ, ಇಡೀ ತಾಟಿಗೆ ಅಲ್ಲ. ಜೊತೆಗೆ ಟಾರ್ಟರ್ ಸಾಸ್ ಹುಡುಕುತ್ತ ಹೋಗಬ್ಯಾಡ್ರಿ, ನೀರು ಇಳಿಸಿದ ಗಟ್ಟಿ ಮೊಸರಿಗೆ ಎರಡು ಚಮಚ ರಂಜಕ (ಕೆಂಪು ಮೆಣಸಿನಕಾಯಿ ಚಟ್ನಿ), ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಚೂರು ಉಪ್ಪು ಬೆರೆಸಿದರೆ ಅದನ್ನು ಮೀರಿಸುತ್ತದೆ.

ಉಳಿದ ಹಿಟ್ಟನ್ನು ಫ್ರಿಜ್ಜಿಗೆ ಸೇರಿಸಬ್ಯಾಡ್ರಿ, ಗ್ಯಾಸ್ ನಿಲ್ಲದು. ಆ ಬಿಸಿಯಲ್ಲೇ ಉಳ್ಳಾಗಡ್ಡಿ ಬಳೆಗಳನ್ನು ಅದ್ದಿ ಕರಿದುಬಿಡ್ರಿ. ಎಣ್ಣೆ ಪೂರ್ತಿ ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ಬೆಳಕು ಬೀಳದ ಡಬ್ಬಿಯಲ್ಲಿಟ್ಟರೆ ಇನ್ನೊಮ್ಮೆ ಮೀನಿಗೇ ಬಳಸಬಹುದು. ಬಣ್ಣ ಕಪ್ಪಾಗಿದ್ದರೆ, ಕಾಯಿಸುವಾಗ ನೊರೆ ನಿಂತರೆ, ಚೆಲ್ಲುವುದೇ ಸರಿ. ಹೋಟೆಲಿನವರಿಗೆ ಒಟ್ಟು ಪೋಲಾರ್ ಅಂಶ, ಅಂದರೆ ಪದೇ ಪದೇ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ಅಂಶ, 25 ಪರ್ಸೆಂಟ್ ಮೀರಬಾರದೆಂಬ ನಿಯಮ 2018ರಿಂದ ಇದೆ, ಮನೆಯಲ್ಲಿ ಅಳೆಯುವ ಸಾಧನ ಇಲ್ಲದ್ದರಿಂದ ಈ ಎರಡು ಗುರುತುಗಳೇ ಗತಿ. ಆ ಎಣ್ಣೆಯಲ್ಲಿ ಮಿರ್ಚಿ ಕರಿಯಲು ಹೋಗಬ್ಯಾಡ್ರಿ, ಮೀನಿನ ವಾಸನೆ ಬಿಡುವುದಿಲ್ಲ.