ಮಾಷ್ಟ್ರೇ, ಹಟ್ಟಿಯ ಹಿಂದೆ ಯಾಕೆ ನುಡಿಸುತ್ತೀರಿ?

ಕಾಸರಗೋಡಿನ ಬದಿಯಡ್ಕದ ಕಡೆಯ ನಿವೃತ್ತ ಮಾಷ್ಟ್ರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಗಲ್ಫ್‌ನಿಂದ ಬಂದ ನೆಂಟರ ಕ್ಯಾಸೆಟ್ಟಿನಲ್ಲಿ ಹರೆಯದಲ್ಲಿ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಹಾಡು, ಕೇಳಿದ್ದರಂತೆ. ಬರೀ ಗಿಟಾರು, ಮೌತ್ ಆರ್ಗನ್, ಒಬ್ಬ ಮನುಷ್ಯನ ಗಂಟಲು. ಅದು ತಲೆಯಿಂದ ಹೋಗಲೇ ಇಲ್ಲ. ಈಗ ಪೆನ್ಶನ್ ಬಂದ ಮೇಲೆ ಮಂಗಳೂರಿನಿಂದ ಮೌತ್ ಆರ್ಗನ್ ತಂದು ಕಲಿಯುತ್ತಿದ್ದಾರೆ. ಆದರೆ ರೆಕಾರ್ಡಿನಲ್ಲಿ ಕೇಳುವ ಹಾಗೆ ಸ್ವರ ಬಾಗುವುದಿಲ್ಲ, ಅಂದರೆ ಜಾರಿ ಕೆಳಗಿಳಿಯುವುದಿಲ್ಲ, ಪ್ರಾಯ ಆಯಿತು, ಉಸಿರು ಸಾಲದು ಅಂತ ಅವರ ಅನುಮಾನ. ಮೊದಲು ಗುರುಗಳ ಹತ್ತಿರ ಸ್ವರ ತಾಳ ಕಲಿತು ಆಮೇಲೆ ಮುಟ್ಟಿ ಅಂತ ಸ್ನೇಹಿತರ ಬುದ್ಧಿವಾದ. ಯಕ್ಷಗಾನದ ನಾಡಿನಲ್ಲಿ ಹುಟ್ಟಿ ಇದೆಲ್ಲ ಯಾಕೆ ಅಂತ ಮನೆಯವರ ಮಾತು. ಹಾಗಾಗಿ ದನದ ಹಟ್ಟಿಯ ಹಿಂದೆ, ಯಾರಿಗೂ ಕೇಳದ ಹಾಗೆ ನುಡಿಸುತ್ತಾರಂತೆ. "ಈ ಹುಡುಗಾಟ ಮುಂದುವರಿಸಲೋ ಬಿಡಲೋ" ಅಂತ ಕೇಳಿದ್ದಾರೆ.

ಮಾಷ್ಟ್ರೇ, ಮೊದಲು ಉಸಿರಿನ ವಿಷಯ ಮುಗಿಸೋಣ. ನಿಮ್ಮ ಉಸಿರಿಗೆ ಏನೂ ಆಗಿಲ್ಲ. ಎರಡು ಸಾಲು ತೂತು ಇದೆ ಅಂತ ಬರೆದಿದ್ದೀರಲ್ಲ, ಅದು ಟ್ರೆಮೊಲೊ ಅನ್ನುವ ಜಾತಿಯ ಮೌತ್ ಆರ್ಗನ್. ನಮ್ಮ ಅಂಗಡಿಗಳಲ್ಲಿ ಜಾಸ್ತಿ ಸಿಗುವುದು ಅದೇ. ಒಂದೊಂದು ಸ್ವರಕ್ಕೂ ಎರಡೆರಡು ರೀಡ್ (ಉಸಿರಿಗೆ ಅದುರಿ ಸ್ವರ ಕೊಡುವ ತೆಳು ಲೋಹದ ಪಟ್ಟಿ) ಇಟ್ಟು, ಒಂದನ್ನು ಚೂರೇ ಚೂರು ಆಚೀಚೆ ಮಾಡಿರುತ್ತಾರೆ. ಅದರಿಂದ ದನಿ ನಡುಗುತ್ತದೆ, ಹಳೆಯ ಸಿನಿಮಾ ಹಾಡಿಗೆ ಬಲು ಚಂದ. ಆದರೆ ಅದರಲ್ಲಿ ಪ್ರತಿ ರೀಡ್‌ಗೂ ಬೇರೆಯೇ ಗೂಡು ಇರುವುದರಿಂದ ಸ್ವರ ಸರಿಯಾಗಿ ಬಾಗದು. ಬ್ಲೂಸಿಗೆ ಬೇಕಾದದ್ದು ಹತ್ತು ತೂತಿನ ಡಯಾಟೋನಿಕ್ ಅನ್ನುವ ಜಾತಿ. ಅದರಲ್ಲಿ ಊದುವ ರೀಡ್, ಎಳೆಯುವ ರೀಡ್ ಎರಡೂ ಒಂದೇ ಗೂಡಿನಲ್ಲಿರುತ್ತವೆ. ಉಸಿರು ಒಳಗೆಳೆಯುತ್ತಾ ನಾಲಿಗೆಯನ್ನು ಸ್ವಲ್ಪ ಹಿಂದಕ್ಕೆ, ಕೆಳಕ್ಕೆ ತಂದರೆ ಎರಡೂ ಸೇರಿಕೊಂಡು ಸ್ವರ ಕೆಳಗಿಳಿಯುತ್ತದೆ. ಸಾಧನ ಬೇರೆಯಾಗಿದ್ದರೆ ಯಾರ ಶ್ವಾಸಕೋಶ ತಾನೇ ಏನು ಮಾಡೀತು?

ಡಯಾಟೋನಿಕ್ ಕೈಗೆ ಬಂದ ಮೇಲೆ ಮೂರನೆಯ ತೂತಿನಲ್ಲಿ ಕೂರಿ. ಸಿ ಶ್ರುತಿಯದ್ದನ್ನು ತೆಗೆದುಕೊಂಡು ಜಿ ಶ್ರುತಿಯಲ್ಲಿ ನುಡಿಸುವುದು ಬ್ಲೂಸಿನವರ ಕ್ರಮ, ಊದುವುದಕ್ಕಿಂತ ಎಳೆಯುವುದು ಜಾಸ್ತಿ. ಮೂರನೆಯ ತೂತು ಎಳೆದರೆ ಬಿ ಸ್ವರ. ಅದನ್ನೇ ಬಾಗಿಸಿದರೆ ಒಂದರ ಕೆಳಗೊಂದು ಮೂರು ಸ್ವರ ಸಿಗುತ್ತದೆ. ಅದರಲ್ಲಿ ಮೊದಲನೆಯದರ ಆಸುಪಾಸಿನಲ್ಲಿ, ಪೂರ್ತಿ ಇಳಿಯದೆ ಪೂರ್ತಿ ಮೇಲೂ ನಿಲ್ಲದೆ ಒಂದು ಜಾಗ ಇದೆ. ಬ್ಲೂಸಿನ ಅಳು ಇರುವುದು ಅಲ್ಲಿ. ಜರ್ಮನಿಯ ಟ್ರೊಸ್ಸಿಂಗೆನ್ ಊರಿನಲ್ಲಿ ಹೋನರ್ ಕಂಪನಿ 1857ರಿಂದ ಈ ವಾದ್ಯ ಮಾಡುತ್ತಾ ಬಂದದ್ದು ತಮ್ಮೂರಿನ ಸರಳ ಹಾಡುಗಳಿಗಾಗಿ. ಅದರಲ್ಲಿ ಈ ಸ್ವರವನ್ನು ಯಾರೂ ಇಟ್ಟಿರಲಿಲ್ಲ. ಅಮೆರಿಕದ ಹತ್ತಿ ಹೊಲದ ನಾಡಿನ ಕಪ್ಪು ಜನ ಅಗ್ಗಕ್ಕೆ ಸಿಕ್ಕಿದ ಆ ವಾದ್ಯವನ್ನು ಹಿಡಿದು, ತಮ್ಮ ಗಂಟಲಿನಲ್ಲಿ ಇದ್ದದ್ದನ್ನು ಅದರಿಂದ ಹೊರಡಿಸಿದರು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ.

ಸ್ನೇಹಿತರ ಬುದ್ಧಿವಾದದಲ್ಲಿ ತಪ್ಪಿಲ್ಲ. ಗುರು ಸಿಕ್ಕಿದರೆ ಒಳ್ಳೆಯದೇ, ತಾಳದ ಲೆಕ್ಕ ಗೊತ್ತಿದ್ದರೆ ನಷ್ಟ ಏನೂ ಇಲ್ಲ. ಆದರೆ ಕಿವಿಗಿಂತ ಮೊದಲು ಪುಸ್ತಕ ಅಂದರೆ ನಾನು ಒಪ್ಪುವವನಲ್ಲ. ಈ ಸಂಗೀತ ಹುಟ್ಟಿದ್ದೇ ಕಿವಿಯಿಂದ. ಡಬ್ಲ್ಯು. ಸಿ. ಹ್ಯಾಂಡಿ ಓದು ಬರಹ ಬಲ್ಲ ಬ್ಯಾಂಡ್ ಮಾಷ್ಟ್ರು. 1903ರ ಸುಮಾರಿಗೆ ಮಿಸಿಸಿಪ್ಪಿಯ ಟಟ್‌ವೈಲರ್ ಸ್ಟೇಷನ್ನಿನಲ್ಲಿ ರೈಲು ಕಾಯುತ್ತಿದ್ದಾಗ, ಹರಕು ಬಟ್ಟೆಯವನೊಬ್ಬ ಗಿಟಾರಿನ ತಂತಿಯ ಮೇಲೆ ಚಾಕು ಒತ್ತಿ ನುಡಿಸುತ್ತಿದ್ದನಂತೆ. ಅಂಥ ವಿಚಿತ್ರ ಸಂಗೀತ ತಾನು ಕೇಳಿರಲಿಲ್ಲ ಅಂತ ಹ್ಯಾಂಡಿಯೇ ಬರೆದುಕೊಂಡಿದ್ದಾನೆ. ನೊಟೇಶನ್ ಬಲ್ಲವನು ಕೇಳುತ್ತಾ ಕೂತ, ನುಡಿಸಿದವನ ಹೆಸರು ಕೂಡ ನಮಗೆ ಸಿಗಲಿಲ್ಲ.

ಡಿಫೋರ್ಡ್ ಬೇಲಿ ಅಂತ ಇನ್ನೊಬ್ಬ. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಹಾಸಿಗೆ ಹಿಡಿದಿದ್ದಾಗ ಅವನ ಕೈಯಲ್ಲಿದ್ದದ್ದು ಮೌತ್ ಆರ್ಗನ್. ಕೇಳಿದ ಸದ್ದನ್ನೆಲ್ಲ ಅದರಲ್ಲಿ ತೆಗೆಯುತ್ತಿದ್ದ, ಅದರಲ್ಲೂ ರೈಲು. ಕಣ್ಣು ಕಳೆದುಕೊಂಡು ಬೀದಿಯಲ್ಲಿ ನುಡಿಸುತ್ತಿದ್ದ ಸೋನಿ ಟೆರಿ 1938ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನಿಂತ. ಅವನೂ ರೈಲು ನುಡಿಸುವವನೇ. ನೀವೂ ಅಲ್ಲಿಂದಲೇ ಶುರು ಮಾಡಿ. ಎರಡು ಸಲ ಎಳೆಯಿರಿ, ಎರಡು ಸಲ ಊದಿರಿ, ಮೊದಲು ನಿಧಾನ, ಆಮೇಲೆ ಜೋರು. ಚಂದ್ರಗಿರಿ ಸೇತುವೆಯ ಮೇಲೆ ರೈಲು ಹೋಗುವಾಗ ಸದ್ದು ಹೇಗೆ ಬದಲಾಗುತ್ತದೆ ಅಂತ ಒಮ್ಮೆ ನಿಂತು ಕೇಳಿ. ಇದಕ್ಕಿಂತ ಒಳ್ಳೆಯ ಪಾಠ ಯಾವ ಆ್ಯಪ್‌ನಲ್ಲೂ ಇಲ್ಲ.

ನನಗೂ ಈ ಹುಚ್ಚು ಹಿಡಿದದ್ದು ಕ್ಯಾಸೆಟ್ಟಿನಿಂದಲೇ, ಕಾಲೇಜಿನ ದಿನಗಳಲ್ಲಿ. ಮಾವ ಗಲ್ಫ್‌ನಿಂದ ತಂದ ಟೇಪ್ ರೆಕಾರ್ಡರಿನ ಜೊತೆ ಬಂದ ಒಂದು ಕ್ಯಾಸೆಟ್, ಲೇಬಲ್ ಕಿತ್ತು ಹೋಗಿತ್ತು. ಹಾಡುತ್ತಿದ್ದದ್ದು ಯಾರು, ಏನು, ಒಂದೂ ಗೊತ್ತಿಲ್ಲ. ಹಾಡುವವನ ಕಾಲು ಹಲಗೆಯ ಮೇಲೆ ಬಡಿಯುವ ಸದ್ದು ಕೂಡ ಅದರಲ್ಲಿ ಬಿದ್ದಿತ್ತು. ಒಂದು ಕಡೆ ಮೌತ್ ಆರ್ಗನ್ ಹಾಡಿಗೆ ಉತ್ತರ ಕೊಡುತ್ತದೆ, ಇವನು ಕೇಳಿದ್ದಕ್ಕೆ ಅದು ಹೇಳಿದ ಹಾಗೆ. ಅಷ್ಟನ್ನೇ ರಿವೈಂಡ್ ಮಾಡಿ ಮಾಡಿ ಟೇಪ್ ಆ ಜಾಗದಲ್ಲಿ ಸವೆದು ದನಿ ಮಂಕಾಯಿತು. ಆದರೆ ಅಷ್ಟರಲ್ಲಿ ಅದು ನನಗೆ ಬಾಯಿಪಾಠ ಆಗಿತ್ತು. ಇವತ್ತಿಗೂ ಕೈ ತಪ್ಪದೆ ನುಡಿಸುವುದು ಅದೊಂದನ್ನೇ.

ಇನ್ನು ಮನೆಯವರ ಮಾತು. ಯಕ್ಷಗಾನದ ನಾಡು, ಹೌದು. ಕುಂಬಳೆಯ ಪಾರ್ತಿಸುಬ್ಬನ ಮಣ್ಣಿನವರು ನಾವು, ಅದರ ಹೆಮ್ಮೆ ನನಗೂ ಇದೆ. ಆದರೆ ನಮ್ಮ ಮದುವೆ ಚಪ್ಪರದಲ್ಲಿ, ಭೂತದ ನೇಮದ ಗದ್ದೆಯಲ್ಲಿ ಸ್ಯಾಕ್ಸೊಫೋನ್ ಇಲ್ಲದೆ ಆಗುತ್ತದಾ? ಅದು ಬೆಲ್ಜಿಯಂನವನೊಬ್ಬ ಮಾಡಿದ ವಾದ್ಯ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮರುಳಾದ ಕದ್ರಿ ಗೋಪಾಲನಾಥರು ಅದರಲ್ಲಿ ಗಮಕ ತೆಗೆದರು. ಕಛೇರಿಯ ಪಿಟೀಲೂ ಹೊರಗಿನಿಂದಲೇ ಬಂದದ್ದು. ಇನ್ನೊಂದು ವಿಷಯ ಹೇಳಲೇಬೇಕು. ನಾಟಿ ಗದ್ದೆಯಲ್ಲಿ ಒಬ್ಬಳು ಪಾಡ್ದನ, ನಮ್ಮ ತುಳು ಜನಪದ ಹಾಡು, ಎತ್ತಿದರೆ ಉಳಿದವರು ಸಾಲು ಹಿಡಿಯುತ್ತಿದ್ದರಲ್ಲ, ಬ್ಲೂಸಿನ ಹಿಂದೆ ಇರುವುದೂ ಹೊಲದ ಕೆಲಸದ ಕೂಗು, ಅದಕ್ಕೆ ಮರುಕೂಗು. ಅವರು ಪಟ್ಟ ಪಾಡು ಬೇರೆ, ಎರಡನ್ನೂ ಒಂದೇ ಅನ್ನಲಾರೆ. ಆದರೂ ಪಾಡ್ದನ ಕೇಳಿ ಬೆಳೆದ ಕಿವಿಗೆ ಬ್ಲೂಸ್ ಅಪರಿಚಿತ ಅಲ್ಲ.

ನನಗೆ ಬೇಸರ ಇರುವುದು ಬೇರೆ. ಪಾಡ್ದನ ಹೇಳುವ ಗದ್ದೆಯೇ ಈಗ ಕಡಿಮೆ. ಮಕ್ಕಳಿಗೆ ಸಂಗೀತ ಅಂದರೆ ಶಾಲೆಗಳ ಸ್ಪರ್ಧೆಯ ಕಲೋತ್ಸವ, ಕಲೋತ್ಸವ ಅಂದರೆ ಗ್ರೇಡ್. ಒಂದೇ ಹಾಡನ್ನು ತಿಂಗಳುಗಟ್ಟಲೆ ಅರೆದು, ಗ್ರೇಡ್ ಸಿಕ್ಕಿದ ಮರುದಿನ ಬಿಟ್ಟೇ ಬಿಡುತ್ತಾರೆ. ನಮ್ಮ ಗಡಿನಾಡ ಕನ್ನಡ ಕಾರ್ಯಕ್ರಮಗಳಲ್ಲೂ ಭಾಷಣಕ್ಕೆ ಸಮಯ ಇದೆ, ಹಾಡಿಗೆ ಇಲ್ಲ. ಸಂಜೆ ಜಗಲಿಯಲ್ಲಿ ಕೂತು, ಬಹುಮಾನಕ್ಕಲ್ಲದೆ ಸುಮ್ನೆ ನುಡಿಸುವ ಮನುಷ್ಯನನ್ನು ನೋಡದೆಯೇ ಮಕ್ಕಳು ದೊಡ್ಡವರಾಗುತ್ತಿದ್ದಾರೆ. ಭಾಷೆ ಉಳಿಸಿ ಅಂತ ಮೈಕಿನಲ್ಲಿ ಹೇಳುವವರು ಮನೆಯ ದನಿಯನ್ನೂ ಉಳಿಸಬೇಕಲ್ವಾ?

ಮಿಸಿಸಿಪ್ಪಿ ಜಾನ್ ಹರ್ಟ್ ಅನ್ನುವ ಬ್ಲೂಸ್ ಹಾಡುಗಾರ 1928ರಲ್ಲಿ ಕೆಲವು ಹಾಡು ರೆಕಾರ್ಡ್ ಮಾಡಿಸಿದ. ರೆಕಾರ್ಡ್ ಹೆಚ್ಚು ಮಾರಾಟ ಆಗಲಿಲ್ಲ, ಆಮೇಲೆ ಮಹಾ ಆರ್ಥಿಕ ಕುಸಿತ ಬಂತು. ಅವನು ಅವಲಾನ್ ಅನ್ನುವ ತನ್ನ ಹಳ್ಳಿಯಲ್ಲಿ ಹೊಲದ ಕೆಲಸ ಮಾಡಿಕೊಂಡು, ಊರವರಿಗೆ ನುಡಿಸಿಕೊಂಡು ಇದ್ದ. 1963ರಲ್ಲಿ ಅವನ ಹಾಡಿನಲ್ಲೇ ಬರುವ ಊರಿನ ಹೆಸರು ಹಿಡಿದು ಹುಡುಕುತ್ತಾ ಬಂದವರಿಗೆ ಸಿಕ್ಕಿದ. ನಡುವಿನ 35 ವರ್ಷ ಯಾರೂ ಅವನನ್ನು ವೇದಿಕೆಗೆ ಕರೆಯಲಿಲ್ಲ. ಅದಕ್ಕೆ ಅವನ ಬೆರಳು ಕಾಯಲೂ ಇಲ್ಲ.

ಹಾಗಾಗಿ, ಮಾಷ್ಟ್ರೇ, "ಹುಡುಗಾಟ" ಅಂತ ಬರೆದದ್ದಕ್ಕೆ ನಿಮ್ಮ ಮೇಲೆ ನನಗೆ ಸಿಟ್ಟು ಬಂದಿದೆ. ಇಷ್ಟು ವರ್ಷ ಮಕ್ಕಳಿಗೆ ಹೆದರಬೇಡ, ಬಾಯಿ ಬಿಟ್ಟು ಹೇಳು ಅಂತ ಕಲಿಸಿದವರು ನೀವು. ನಾಳೆಯಿಂದ ಜಗಲಿಗೆ ಬನ್ನಿ. ಮರದ ಬಾಚಣಿಗೆಯ (ಒಳಗೆ ಗೂಡುಗಳಿರುವ ನಡುವಿನ ಹಲಗೆಗೆ ಹಾಗನ್ನುತ್ತಾರೆ) ಮೌತ್ ಆರ್ಗನ್ ಕೊಳ್ಳಬೇಡಿ, ನಮ್ಮ ಮಳೆಗಾಲದಲ್ಲಿ ಮರ ಉಬ್ಬಿ ತುಟಿ ಕೊಯ್ಯುತ್ತದೆ. ಪ್ಲಾಸ್ಟಿಕ್ಕಿನದ್ದು ಸಾಕು. ಊಟ ಆದ ಕೂಡಲೇ ನುಡಿಸಬೇಡಿ, ಬಾಯಿ ತೊಳೆದುಕೊಳ್ಳಿ, ಎಲೆ ಅಡಿಕೆಯ ಚೂರು ಒಂದು ಒಳಗೆ ಹೋದರೂ ರೀಡ್ ಕಟ್ಟಿಕೊಳ್ಳುತ್ತದೆ. ಮೂರನೆಯ ತೂತು ಬಾಗಿದ ದಿನ ನನಗೊಂದು ಕಾರ್ಡು ಹಾಕಿ.