ಪೋರ್ಚುಗೀಸ್‌ನ 'ರೆಜಾರ್' ಎಲ್ಲಿಂದ ಬಂತು? 'ಒರಾರ್'ಗೂ ಅದಕ್ಕೂ ಏನು ವ್ಯತ್ಯಾಸ?

ಕನ್ನಡದಲ್ಲಿ ಎರಡಕ್ಕೂ 'ಪ್ರಾರ್ಥನೆ ಮಾಡು' ಅಂದರೆ ಸಾಕು. ಆದರೆ ಮೂಲ ಬೇರೆ ಬೇರೆ. 'ರೆಜಾರ್' ಹುಟ್ಟಿದ್ದು ಲ್ಯಾಟಿನ್‌ನ 'ರೆಸಿತಾರೆ'ಯಿಂದ. ಅಂದರೆ ಗಟ್ಟಿಯಾಗಿ ಓದು, ಬಾಯಿಪಾಠ ಒಪ್ಪಿಸು. ಹಾಗಾಗಿ ಮೊದಲೇ ಸಿದ್ಧವಿರುವ ಪ್ರಾರ್ಥನೆ ಹೇಳುವುದಕ್ಕೆ ಇದು ಜಾಸ್ತಿ ಒಪ್ಪುತ್ತದೆ. 'ರೆಜಾರ್ ಉ ತೆರ್ಸು' ಎಂದರೆ ಜಪಮಾಲೆ ಹೇಳುವುದು. 'ತೆರ್ಸು' ಅಂದರೆ ಮೂರನೇ ಒಂದು ಪಾಲು: ಹಳೆಯ ಲೆಕ್ಕದಲ್ಲಿ ಪೂರ್ತಿ ಜಪಮಾಲೆಗೆ ಹೇಳುತ್ತಿದ್ದ 150 'ನಮೋ ಮರಿಯ' (ಮರಿಯ ಮಾತೆಯ ಪ್ರಾರ್ಥನೆ)ಗಳಲ್ಲಿ 50. ಮಂಗಳೂರಿನ ಕೊಂಕಣಿ ಕ್ಯಾಥೊಲಿಕರ ಮನೆಗಳಲ್ಲಿ ಸಂಜೆ ಹೇಳುವ 'ತೇರ್ಸ್' ಇದೇ ಪದ!

'ಒರಾರ್' ಬಂದದ್ದು ಲ್ಯಾಟಿನ್‌ನ 'ಒರಾರೆ'ಯಿಂದ. ಮಾತಾಡು, ಬೇಡಿಕೊ ಅಂತ ಅರ್ಥ. ಬ್ರೆಜಿಲ್‌ನಲ್ಲಿ ಕ್ಯಾಥೊಲಿಕರು ಹೆಚ್ಚಾಗಿ 'ರೆಜಾರ್' ಅನ್ನುತ್ತಾರೆ. ಪ್ರಾಟೆಸ್ಟಂಟರಲ್ಲಿ ಇವಾಂಜೆಲಿಕಲ್ ಪಂಗಡದವರಿಗೆ ಅದು ಸುಮ್ನೆ ಗಿಳಿಪಾಠದ ಹಾಗೆ ಕೇಳಿಸುತ್ತದೆ, ಅವರು 'ಒರಾರ್' ಅಂತಲೇ ಹೇಳುವುದು. ಎಷ್ಟೋ ಸಲ ಈ ಪದದಿಂದಲೇ ಎದುರಿನವರು ಯಾವ ಚರ್ಚಿನವರು ಅಂತ ಗೊತ್ತಾಗಿಬಿಡುತ್ತದೆ.