ಹಣ್ಣು ಕಡಿಮೆ ಆಗಿಲ್ಲ, ಜಾಸ್ತಿಯೇ ಆಗಿದೆ

ಧಾರವಾಡದ ಪೇರಲ ಮೊದಲಿನಷ್ಟು ಕಾಣುವುದಿಲ್ಲ, ದೇಶದಲ್ಲಿ ಹಣ್ಣೇ ಕಡಿಮೆಯಾಯಿತಾ ಅಂತ ಕೇಳಿದ್ದೀರಿ. ಇಲ್ರೀ, ಉಲ್ಟಾ. 1991-92ರಲ್ಲಿ ಭಾರತ ಬೆಳೆದ ಹಣ್ಣು ಸುಮಾರು 2.9 ಕೋಟಿ ಟನ್. 2021-22ರ ಹೊತ್ತಿಗೆ ಅದು 10 ಕೋಟಿ ಟನ್ ದಾಟಿತ್ತು. ಜನಸಂಖ್ಯೆ ಅಷ್ಟು ಪಟ್ಟು ಏರಿಲ್ಲ. ಹಾಗಾಗಿ ತಲೆಗೆ ಬರುವ ಪಾಲೂ ಎರಡು ಪಟ್ಟು ಮೀರಿದೆ. ರಫ್ತಾಗುವುದು ಸ್ವಲ್ಪವೇ. ಬೆಳೆಯುವ ಹಣ್ಣಿನಲ್ಲಿ ಬಾಳೆಯದೇ ದೊಡ್ಡ ಪಾಲು, ಆಮೇಲೆ ಮಾವು. ಅಂಗಾಂಶ ಕೃಷಿಯ, ಅಂದರೆ ಲ್ಯಾಬಿನಲ್ಲಿ ಬೆಳೆಸಿದ, ಜಿ-9 ಬಾಳೆ ತಳಿಯ ಸಸಿ, ಹನಿ ನೀರಾವರಿ ಬಂದ ಮೇಲೆ ಬಾಳೆಯ ಇಳುವರಿ ಚೆನ್ನಾಗಿ ಏರಿತು.

ಆದರೆ ಬೆಳೆದದ್ದೆಲ್ಲ ಮನೆಗೆ ಬರುವುದಿಲ್ಲ. ಕೊಯ್ಲು, ಸಾಗಣೆಯಲ್ಲಿ ಹಾಳಾಗುವುದು ಬಹಳ. ಪೇರಲದಂಥ ಮೆತ್ತನೆಯ ಹಣ್ಣಿಗೆ ಇದೇ ದೊಡ್ಡ ಪೆಟ್ಟು, ನನಗೆ ಬೇಜಾರೂ ಇದಕ್ಕೇ. ಧಾರವಾಡದ ಸುತ್ತ ತೋಟಗಳು ಲೇಔಟ್ ಆಗಿದ್ದು ದೇಶದ ಲೆಕ್ಕದಲ್ಲಿ ಕಾಣುವುದಿಲ್ಲ ಅಲ್ವಾ?